ಕ್ಯಾಥರಿನ್ ಓಶೇ ಕೋರ್ಟಿನಲ್ಲಿ ಯಾಕೆ ಬಾಯಿ ಬಿಡಲಿಲ್ಲ? ಪಾರ್ನೆಲ್ ಪ್ರಕರಣದ ಉಯಿಲು, ಕಾನೂನು, ತಾರೀಖುಗಳು

ಕಡತಪ್ರಿಯ:
ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್ ಕಥೆಯನ್ನು ಎಲ್ಲರೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಐರಿಷ್ ಪಕ್ಷದ ನಾಯಕ, 86 ಸಂಸದರು ಬೆನ್ನ ಹಿಂದೆ, ಹೋಮ್ ರೂಲ್ (ಐರ್ಲೆಂಡಿನ ಸ್ವಯಮಾಡಳಿತ) ಇನ್ನೇನು ಕೈಗೆ ಬಂತು ಅನ್ನುವಾಗ ತನ್ನದೇ ಪಕ್ಷದವನ ಹೆಂಡತಿ ಕ್ಯಾಥರಿನ್ ಓಶೇ ಜೊತೆಗಿನ ಸಂಬಂಧ ಬಯಲಾಯಿತು, ಮನುಷ್ಯ ಮುಳುಗಿದ. ಆ ಹೆಂಗಸಿಗೆ ‘ಕಿಟ್ಟಿ’ ಅಂತ ಹೆಸರಿಟ್ಟವರೂ ವಿರೋಧಿಗಳೇ, ಮನೆಯಲ್ಲಿ ಆಕೆ ಕೇಟ್ ಅಥವಾ ಕೇಟಿ.

ಇದರಲ್ಲಿ ಮೂರು ಗಂಟುಗಳಿವೆ. ಒಂದು, ಸಂಬಂಧ ಶುರುವಾಗಿದ್ದು 1880ರಲ್ಲಿ, ಗಂಡ ಕ್ಯಾಪ್ಟನ್ ವಿಲಿಯಂ ಓಶೇ ಡೈವೋರ್ಸಿಗೆ ಅರ್ಜಿ ಹಾಕಿದ್ದು 1889ರ ಡಿಸೆಂಬರ್ 24ಕ್ಕೆ. ಒಂಬತ್ತು ವರ್ಷ ಏನು ಮಾಡುತ್ತಿದ್ದ? ಎರಡು, ಗಂಡನಿಗೆ ಎಲ್ಲ ಗೊತ್ತಿತ್ತು ಅಂತ ತಕರಾರಿನಲ್ಲಿ ಬರೆದುಕೊಟ್ಟ ಕ್ಯಾಥರಿನ್, ವಿಚಾರಣೆಯ ದಿನ ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ ಯಾಕೆ? ಮೂರು, ತೀರ್ಪು ಬಂದ ಮೇಲಾದರೂ ಪಾರ್ನೆಲ್ ತನ್ನ ಕಡೆಯದನ್ನು ಯಾಕೆ ಹೇಳಲಿಲ್ಲ? ‘ಪ್ರೇಮ ಕುರುಡು’ ಅನ್ನೋ ಉತ್ತರ ಬೇಡ. ತಾರೀಖು, ಕಾಯಿದೆ ಇಟ್ಟುಕೊಂಡು ಮಾತಾಡೋಣ.

ಲೆಕ್ಕದಪುಸ್ತಕ:
ಮೊದಲನೆಯದು ದುಡ್ಡಿನ ಪ್ರಶ್ನೆ. ಪ್ರೇಮಪತ್ರಗಳನ್ನು ಪಕ್ಕಕ್ಕಿಟ್ಟು ಚಿಕ್ಕಮ್ಮ ‘ಆಂಟ್ ಬೆನ್’ ಎಲ್ಲಿದ್ದಳು, ಎಂದು ತೀರಿಕೊಂಡಳು, ಅದನ್ನು ನೋಡಿ.

ಕ್ಯಾಥರಿನ್ ಹುಟ್ಟಿದ್ದು ಎಸೆಕ್ಸ್‌ನ ವುಡ್ ಮನೆತನದಲ್ಲಿ. ತಂದೆ ಸರ್ ಜಾನ್ ಪೇಜ್ ವುಡ್, ಬ್ಯಾರೊನೆಟ್ ಪದವಿಯಿದ್ದ ಪಾದ್ರಿ. ಚಿಕ್ಕಪ್ಪ ಲಾರ್ಡ್ ಹ್ಯಾದರ್ಲಿ, ಲಿಬರಲ್ ಪಕ್ಷದ ಪ್ರಧಾನಿ ಗ್ಲ್ಯಾಡ್‌ಸ್ಟನ್ ಸರ್ಕಾರದಲ್ಲೇ ಲಾರ್ಡ್ ಚಾನ್ಸಲರ್ ಆಗಿದ್ದವನು. ಹೆಸರು ದೊಡ್ಡದು, ಕೈಯಲ್ಲಿ ಕಾಸು ಕಮ್ಮಿ. 1867ರಲ್ಲಿ ಆಕೆ ಮದುವೆಯಾದ ಓಶೇ 18ನೇ ಹುಸಾರ್ಸ್ ಕುದುರೆ ಪಡೆ ಬಿಟ್ಟವನು. ಕೈ ಹಾಕಿದ ಕಡೆಯೆಲ್ಲ ನಷ್ಟ. ಮೂರು ಮಕ್ಕಳಾಗುವ ಹೊತ್ತಿಗೆ ಸಂಸಾರ ಸಾಲದಲ್ಲಿತ್ತು.

ಆಗ ಕೈಹಿಡಿದವಳು ಆಂಟ್ ಬೆನ್, ಅಂದರೆ ತಾಯಿಯ ಸೋದರಿ, ವಿಧವೆ ಮಿಸೆಸ್ ಬೆಂಜಮಿನ್ ವುಡ್. ಲಂಡನ್ನಿನ ಆಗ್ನೇಯಕ್ಕಿರುವ ಎಲ್ತಮ್‌ನಲ್ಲಿ ಆಕೆಯದು ದೊಡ್ಡ ಬಂಗಲೆ, ಮಕ್ಕಳಿಲ್ಲ. ಹತ್ತಿರದಲ್ಲೇ ವೊನರ್ಶ್ ಲಾಡ್ಜ್ ಅನ್ನೋ ಮನೆಯನ್ನು ಕ್ಯಾಥರಿನ್‌ಗೆ ಕೊಡಿಸಿ ಖರ್ಚು ನೋಡಿಕೊಂಡಳು. ಪ್ರತಿಯಾಗಿ ಕ್ಯಾಥರಿನ್ ದಿನಾ ಹೋಗಿ ಓದಿ ಹೇಳಬೇಕು, ಜೊತೆಗಿರಬೇಕು. ಕ್ಯಾಪ್ಟನ್ ಲಂಡನ್ನಿನಲ್ಲಿ ಬೇರೆ ರೂಮು ಮಾಡಿಕೊಂಡಿದ್ದ, ವಾರಕ್ಕೊಮ್ಮೆ ಬಂದರೆ ಬಂದ. ಅವನ ರೂಮಿನ ಬಾಡಿಗೆಗೂ ದಾರಿ ಇದೇ ಮುದುಕಿಯ ಪೆಟ್ಟಿಗೆ.

ಡೈವೋರ್ಸಿನ ಗುಲ್ಲು ಆಕೆಯ ಕಿವಿಗೆ ಬಿದ್ದರೆ ಉಯಿಲು ಬದಲಾಗುತ್ತದೆ, ಇದು ಮೂವರಿಗೂ ಗೊತ್ತು. ಮುದುಕಿಗೆ ಎಂಬತ್ತು ದಾಟಿತ್ತು, ಇನ್ನೆಷ್ಟು ದಿನ ಅಂದುಕೊಂಡರು. ಆಕೆ ಬದುಕಿದ್ದು 1889ರ ಮೇ 19ರವರೆಗೆ, ತೊಂಬತ್ತೂ ದಾಟಿ. ಒಂಬತ್ತು ವರ್ಷದ ಮೌನಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕ್ಯಾಪ್ಟನ್ ಎಣಿಸದಿದ್ದ ಸಂಗತಿ ಇನ್ನೊಂದಿತ್ತು. 1888ರ ಉಯಿಲಿನಲ್ಲಿ ಆಂಟ್ ಬೆನ್ ಎಲ್ಲವನ್ನೂ, ಸುಮಾರು 1,40,000 ಪೌಂಡ್, ಕ್ಯಾಥರಿನ್ ಒಬ್ಬಳ ಹೆಸರಿಗೇ ಬರೆದಿಟ್ಟಿದ್ದಳು, ಮದುವೆಯ ಒಪ್ಪಂದಪತ್ರದ ವ್ಯಾಪ್ತಿಗೆ ಸಿಗದಂತೆ. 1882ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆ ಬಂದಾಗಿತ್ತು, ಗಂಡ ಅದನ್ನು ಮುಟ್ಟುವ ಹಾಗಿಲ್ಲ. ಉಯಿಲು ತೆರೆದ ಏಳು ತಿಂಗಳಿಗೆ ಡೈವೋರ್ಸ್ ಅರ್ಜಿ. ತಾರೀಖುಗಳೇ ಮಾತಾಡುತ್ತವೆ.

ತುಂಗಾತೀರ:
@ಲೆಕ್ಕದಪುಸ್ತಕ, ಕ್ಯಾಥರಿನ್‌ಳ ಅಣ್ಣತಮ್ಮ ಅಕ್ಕತಂಗಿಯರ ಪಾತ್ರ ಬಿಟ್ಟಿರಿ. ಮುದುಕಿಗೆ ಬುದ್ಧಿ ಸ್ಥಿಮಿತ ಇಲ್ಲ ಅಂತ ಅವರು ಮೊದಲೇ ವಿಚಾರಣೆಗೆ ಹೊರಟಿದ್ದರು. ಆಗ ಕ್ಯಾಥರಿನ್ ಗ್ಲ್ಯಾಡ್‌ಸ್ಟನ್ ಮೂಲಕ ಅವನದೇ ವೈದ್ಯ ಸರ್ ಆಂಡ್ರೂ ಕ್ಲಾರ್ಕ್‌ನನ್ನು ಕರೆಸಿಕೊಂಡಳು. ಅವನು ನೋಡಿ, ಬುದ್ಧಿ ನೆಟ್ಟಗಿದೆ ಅಂದ. ಮಾಜಿ ಪ್ರಧಾನಿಯಿಂದ ಇಂಥ ಉಪಕಾರ ಪಡೆಯುವಷ್ಟು ಸಲಿಗೆ ಆಕೆಗಿತ್ತು.

ಚಿಕ್ಕಮ್ಮ ಸತ್ತ ಮೇಲೆ ಅವರೇ ಉಯಿಲನ್ನು ಪ್ರಶ್ನಿಸಿದರು. ಕ್ಯಾಪ್ಟನ್ನೂ ಆ ಪಾಳಯಕ್ಕೇ ಸೇರಿದ. ಪ್ರೊಬೇಟ್ (ಉಯಿಲಿಗೆ ಕೋರ್ಟಿನ ಮಾನ್ಯತೆ) ಸಿಗದೆ ಹಣವೆಲ್ಲ ಅಲ್ಲೇ ನಿಂತಿತು, ಮುಂದಿನ ಅನಾಹುತಕ್ಕೆ ನೇರ ಕಾರಣ ಇದು. 20,000 ಪೌಂಡ್ ಕೊಟ್ಟಿದ್ದರೆ ಕ್ಯಾಪ್ಟನ್ ದಾವೆ ಕೈಬಿಟ್ಟು, ತಾನೇ ತಪ್ಪಿತಸ್ಥನಾಗಿ ಡೈವೋರ್ಸ್ ಕೊಡಲು ತಯಾರಿದ್ದ ಅಂತ ಕ್ಯಾಥರಿನ್ ಕಡೆಯ ವಾದ. ಕೊಡಲು ಕೈಯಲ್ಲಿ ಹಣ ಇರಲಿಲ್ಲ. ಕಾಗದದ ಮೇಲೆ ಶ್ರೀಮಂತೆ, ಪರ್ಸಿನಲ್ಲಿ ಏನೂ ಇಲ್ಲ.

ಕೋರ್ಟ್‌ಹಾಲ್:
ಎರಡನೇ ಪ್ರಶ್ನೆ ನನ್ನ ಕ್ಷೇತ್ರದ್ದು. 1857ರ ಮ್ಯಾಟ್ರಿಮೋನಿಯಲ್ ಕಾಸಸ್ ಆಕ್ಟ್ ಹೇಗೆ ನಡೆಯುತ್ತಿತ್ತು ಅಂತ ತಿಳಿಯದೆ ಆಕೆಯ ಮೌನ ಅರ್ಥವಾಗುವುದಿಲ್ಲ.

ಗಂಡನಿಗೆ ಡೈವೋರ್ಸ್ ಬೇಕಿದ್ದರೆ ಹೆಂಡತಿಯ ವ್ಯಭಿಚಾರ ಒಂದನ್ನು ಸಾಬೀತು ಮಾಡಿದರೆ ಸಾಕು. ಹೆಂಡತಿಗೆ ಬೇಕಿದ್ದರೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ಬಿಟ್ಟುಹೋದದ್ದನ್ನೋ ಅಂಥ ಇನ್ನೊಂದನ್ನೂ ತೋರಿಸಬೇಕು. ಹಾಗಾಗಿ ಕ್ಯಾಥರಿನ್ ತಾನೇ ಅರ್ಜಿ ಹಾಕುವ ದಾರಿ ಕಷ್ಟದ್ದು, ತಾನೇ ಪಾರ್ನೆಲ್ ಜೊತೆಗಿದ್ದವಳಿಗೆ ಇನ್ನೂ ಕಷ್ಟ. ಗಂಡ ಅರ್ಜಿ ಹಾಕಿದರೆ ಹೆಂಡತಿಯ ಪ್ರಿಯಕರನನ್ನು ಎರಡನೇ ಪ್ರತಿವಾದಿಯಾಗಿ ಹೆಸರಿಸಲೇಬೇಕು. ಪಾರ್ನೆಲ್ ಹೆಸರನ್ನು ಗುಟ್ಟಾಗಿಟ್ಟು ಕೇಸು ನಡೆಸುವ ಅವಕಾಶವೇ ಇರಲಿಲ್ಲ.

ಈಗ ಅಡ್ಡಿಗಳು. ಗಂಡ ಗೊತ್ತಿದ್ದೂ ಬಿಟ್ಟುಕೊಟ್ಟಿದ್ದರೆ, ಗೊತ್ತಾದ ಮೇಲೆ ಕ್ಷಮಿಸಿದ್ದರೆ, ಅಥವಾ ಇಬ್ಬರೂ ಒಳಗೊಳಗೇ ಒಪ್ಪಂದ ಮಾಡಿಕೊಂಡು ಕೋರ್ಟಿಗೆ ಬಂದಿದ್ದರೆ ಅರ್ಜಿ ವಜಾ, ಅಲ್ಲಿ ನ್ಯಾಯಾಧೀಶನಿಗೆ ವಿವೇಚನೆಯೇ ಇಲ್ಲ. ಗಂಡನೂ ವ್ಯಭಿಚಾರಿಯಾಗಿದ್ದರೆ, ಅಥವಾ ಅತಿಯಾಗಿ ತಡಮಾಡಿದ್ದರೆ, ಕೊಡುವುದು ಬಿಡುವುದು ನ್ಯಾಯಾಧೀಶನಿಗೆ ಬಿಟ್ಟದ್ದು.

ಕ್ಯಾಥರಿನ್ ತಕರಾರಿನಲ್ಲಿ ಇವುಗಳಲ್ಲಿ ಬಹುಪಾಲನ್ನು ಎತ್ತಿದಳು. ಗಂಡನಿಗೆ ಗೊತ್ತಿತ್ತು, ಒಪ್ಪಿದ್ದ, ತಡಮಾಡಿದ, ಮೇಲಾಗಿ ತನ್ನ ಸ್ವಂತ ಅಕ್ಕ ಅನ್ನಾ ಸ್ಟೀಲ್ ಜೊತೆ ಅವನಿಗೆ ಸಂಬಂಧವಿತ್ತು ಅಂತ ಕೂಡ. ಈ ಕೊನೆಯದು ಕೆಟ್ಟ ಲೆಕ್ಕ. ತವರಿನವರಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಕನಿಕರವೂ ಅದರಿಂದ ಹೋಯಿತು.

ಆದರೆ ಈ ವಾದದಲ್ಲಿ ಆಕೆ ಗೆದ್ದರೆ ಏನಾಗುತ್ತದೆ? ಅರ್ಜಿ ವಜಾ. ಆಕೆ ಸಾಯುವವರೆಗೂ ಮಿಸೆಸ್ ಓಶೇ. ಪಾರ್ನೆಲ್‌ನನ್ನು ಮದುವೆಯಾಗುವ ದಾರಿ ಪೂರ್ತಿ ಬಂದ್. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರಲ್ಲ, ಇಲ್ಲಿ ಆಕೆಗೆ ಬೇಕಾದದ್ದು ಸಿಗಲು ಇದ್ದದ್ದು ಸೋಲುವ ದಾರಿ ಒಂದೇ. ಪಾರ್ನೆಲ್‌ಗೆ ಬೇಕಿದ್ದದ್ದೂ ಅದೇ.

ಮಂಡ್ಯ_ಓದುಗ:
ಹಾಗಿದ್ರೆ ಇಬ್ಬರಿಗೂ ಡೈವೋರ್ಸ್ ಬೇಕಿತ್ತು ಅಂದಮೇಲೆ ಅದೇ ಒಳಒಪ್ಪಂದ ಆಗಲ್ವಾ ಸರ್?

ಕೋರ್ಟ್‌ಹಾಲ್:
ಬೇಕಿರುವುದು ಬೇರೆ, ಕೂತು ಮಾತಾಡಿ ಕೇಸು ಕಟ್ಟುವುದು ಬೇರೆ. ಸುಮ್ಮನಿರುವುದು ಒಪ್ಪಂದವಲ್ಲ. ಆದರೆ 20,000 ಪೌಂಡ್ ಕೈಬದಲಾಗಿದ್ದರೆ ಖಂಡಿತಾ ಒಪ್ಪಂದವೇ. ಹಣ ಸಿಕ್ಕಿದ್ದರೂ ಆ ದಾರಿ ನಿರಪಾಯವೇನಲ್ಲ.

ಮೂರನೇ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ತೀರ್ಪಿನ ದಿನ ಸಿಗುವುದು ‘ಡಿಕ್ರಿ ನೈಸೈ’, ಅಂದರೆ ಷರತ್ತಿನ ಡಿಕ್ರಿ. ಅದು ಅಂತಿಮವಾಗಲು ಆರು ತಿಂಗಳು ಕಾಯಬೇಕು. ಆ ಅವಧಿಯಲ್ಲಿ ಕ್ವೀನ್ಸ್ ಪ್ರಾಕ್ಟರ್ ಎಂಬ ಸರ್ಕಾರಿ ವಕೀಲ, ಅಥವಾ ಯಾವನೇ ಮೂರನೆಯವನು ಬಂದು, ‘ಕೋರ್ಟಿನಿಂದ ಸತ್ಯ ಮುಚ್ಚಿಟ್ಟಿದ್ದಾರೆ’ ಅಂತ ತೋರಿಸಿದರೆ ಡಿಕ್ರಿ ರದ್ದು.

ಷರತ್ತಿನ ಡಿಕ್ರಿ 1890ರ ನವೆಂಬರ್ 17ಕ್ಕೆ. ಅಲ್ಲಿಂದ 1891ರ ಮೇ ಮಧ್ಯದವರೆಗೆ ಪಾರ್ನೆಲ್ ವೇದಿಕೆ ಹತ್ತಿ ‘ಕ್ಯಾಪ್ಟನ್‌ಗೆ ಮೊದಲಿನಿಂದಲೂ ಗೊತ್ತಿತ್ತು, ನಾನು ಯಾರನ್ನೂ ವಂಚಿಸಿಲ್ಲ’ ಅಂದಿದ್ದರೆ ಆ ಮಾತೇ ಡಿಕ್ರಿಗೆ ಉರುಳು. ರಾಜಕೀಯವಾಗಿ ಅವನು ಬಾಯಿಬಿಡಲೇಬೇಕಿದ್ದ ಆರು ತಿಂಗಳೂ, ಕಾನೂನು ಪ್ರಕಾರ ಬಾಯಿಮುಚ್ಚಲೇಬೇಕಿದ್ದ ಆರು ತಿಂಗಳೂ ಒಂದೇ.

ಇನ್ನೊಂದು ಸಣ್ಣ ವಿವರ. 1869ರ ತಿದ್ದುಪಡಿಯ ತನಕ ವ್ಯಭಿಚಾರದ ದಾವೆಯಲ್ಲಿ ಕಕ್ಷಿದಾರರೇ ಸಾಕ್ಷಿ ಹೇಳುವಂತಿರಲಿಲ್ಲ. ಆಮೇಲೆ ಹೇಳಬಹುದಾಗಿತ್ತು, ಆದರೆ ತನ್ನ ವ್ಯಭಿಚಾರದ ಬಗ್ಗೆ ಉತ್ತರ ಕೊಡಲೇಬೇಕೆಂಬ ಬಲವಂತ ಇರಲಿಲ್ಲ. ಆಕೆ ಕಟ್ಟೆ ಹತ್ತದೇ ಉಳಿದದ್ದರಲ್ಲಿ ಕಾನೂನಿಗೆ ವಿರುದ್ಧವಾದದ್ದೇನೂ ಇಲ್ಲ.

ಹಳೇಪೇಪರ್:
ವಿಚಾರಣೆಯ ಎರಡು ದಿನದಲ್ಲಿ ಏನೇನಾಯಿತು ಅಂತ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಮಾನ ಹೋದದ್ದು ಸಂಬಂಧದಿಂದಲ್ಲ, ಆ ಎರಡು ದಿನದ ಪತ್ರಿಕಾ ವರದಿಯಿಂದ.

ನವೆಂಬರ್ 15, ಶನಿವಾರ. ನ್ಯಾಯಮೂರ್ತಿ ಬಟ್, ಜೊತೆಗೆ ಜ್ಯೂರಿ. ಕ್ಯಾಪ್ಟನ್ ಪರ ಸರ್ ಎಡ್ವರ್ಡ್ ಕ್ಲಾರ್ಕ್, ಆತ ಆಗ ಸರ್ಕಾರದ ಸಾಲಿಸಿಟರ್ ಜನರಲ್ ಕೂಡ. ಕ್ಯಾಥರಿನ್ ಪರ ಫ್ರ್ಯಾಂಕ್ ಲಾಕ್‌ವುಡ್ ಎದ್ದುನಿಂತು, ಪಾಟೀಸವಾಲು ಮಾಡುವುದಿಲ್ಲ, ಸಾಕ್ಷಿ ಕರೆಯುವುದಿಲ್ಲ ಅಂತ ಹೇಳಿ ಕೂತ. ಪಾರ್ನೆಲ್ ಪರ ವಕೀಲನೇ ಇಲ್ಲ.

ಅಲ್ಲಿಗೆ ಹತ್ತು ನಿಮಿಷದ ಕೆಲಸವಾಗಬೇಕಿತ್ತು. ಆಗಲಿಲ್ಲ. ಕ್ಯಾಪ್ಟನ್ ಒಪ್ಪಿದ್ದ ಅನ್ನುವ ಆರೋಪ ತಕರಾರಿನಲ್ಲಿ ಹಾಗೇ ಉಳಿದಿತ್ತಲ್ಲ, ಅದನ್ನು ಸುಳ್ಳು ಮಾಡಲು ಕ್ಲಾರ್ಕ್ ಪೂರ್ತಿ ಕಥೆ ಬಿಚ್ಚಿದ. ಎತ್ತಿದ ಆರೋಪಗಳನ್ನು ಮೊದಲೇ ಹಿಂತೆಗೆದುಕೊಳ್ಳದೆ, ಸಮರ್ಥಿಸಲೂ ಇಲ್ಲದೆ ಬಿಟ್ಟದ್ದು ಕ್ಯಾಥರಿನ್ ಕಡೆಯ ಅತಿ ದೊಡ್ಡ ಎಡವಟ್ಟು.

ಹೊರಬಿದ್ದದ್ದು: ಪಾರ್ನೆಲ್ ಬಾಡಿಗೆ ಮನೆ ಹಿಡಿಯುವಾಗ ‘ಫಾಕ್ಸ್’, ‘ಸ್ಟೂವರ್ಟ್’, ‘ಪ್ರೆಸ್ಟನ್’ ಅಂತ ಹೆಸರು ಹೇಳುತ್ತಿದ್ದ. 1881ರ ಜುಲೈಯಲ್ಲಿ ಎಲ್ತಮ್ ಮನೆಯಲ್ಲಿ ಪಾರ್ನೆಲ್‌ನ ಪೆಟ್ಟಿಗೆ ಕಂಡ ಕ್ಯಾಪ್ಟನ್ ಅವನನ್ನು ದ್ವಂದ್ವಯುದ್ಧಕ್ಕೆ ಕರೆದಿದ್ದ. (ಕರೆದದ್ದು ನಿಜ, ಯುದ್ಧ ನಡೆಯಲಿಲ್ಲ. ಆ ಜುಲೈ ಜಗಳದ ಮೇಲೂ ಮೂವರೂ ಒಟ್ಟಿಗೆ ರಾಜಕೀಯ ಮಾಡಿದರು, ಅದನ್ನು ಕೇಳಲು ಎದುರು ವಕೀಲನೇ ಇರಲಿಲ್ಲ.)

ಕೊನೆಗೆ ಅಡುಗೆಯವಳು ಕ್ಯಾರೊಲಿನ್ ಪೆದರ್ಸ್. ಹೋವ್‌ನ ಮೆಡಿನಾ ಟೆರೇಸ್ ಮನೆಗೆ ಕ್ಯಾಪ್ಟನ್ ದಿಢೀರ್ ಬಂದಾಗ ಪಾರ್ನೆಲ್ ಮೇಲಿನ ಕೋಣೆಯಲ್ಲಿ ಕ್ಯಾಥರಿನ್ ಜೊತೆಗಿದ್ದ, ಸ್ವಲ್ಪ ಹೊತ್ತಿಗೆ ಮುಂಬಾಗಿಲ ಗಂಟೆ ಬಾರಿಸಿ ಆಗಷ್ಟೇ ಬಂದವನಂತೆ ಕ್ಯಾಪ್ಟನ್‌ನನ್ನು ಕೇಳಿದ, ಬಾಲ್ಕನಿಯಲ್ಲಿ ಬೆಂಕಿ ಬಿದ್ದಾಗ ಇಳಿಯುವ ಹಗ್ಗದ ಏಣಿ ಇತ್ತು, ಅದರಲ್ಲೇ ಇಳಿದಿರಬೇಕು ಅಂತ ಅವಳ ಸಾಕ್ಷ್ಯ. ಇಳಿಯುವುದನ್ನು ಕಣ್ಣಾರೆ ಕಂಡವರಿಲ್ಲ, ಅದು ಅವಳ ಊಹೆ. ಒಂದೇ ಒಂದು ಪಾಟೀಸವಾಲಿಗೆ ನಿಲ್ಲುತ್ತಿರಲಿಲ್ಲ. ಆದರೆ ಸವಾಲು ಹಾಕುವವರಿಲ್ಲದ್ದರಿಂದ ಊಹೆ ದಾಖಲೆಯಾಯಿತು, ನಾಟಕಶಾಲೆಗಳಲ್ಲಿ ಹಾಸ್ಯವಾಯಿತು. ಪ್ರೇಮಿಯನ್ನು ಜನ ಕ್ಷಮಿಸುತ್ತಿದ್ದರೇನೋ, ಹಗ್ಗದ ಏಣಿಯಲ್ಲಿ ಇಳಿದು ಓಡುವ ನಾಯಕನನ್ನು ಹೇಗೆ ಕ್ಷಮಿಸುತ್ತಾರೆ?

17, ಸೋಮವಾರ: ವ್ಯಭಿಚಾರ ಸಾಬೀತು, ಗಂಡನ ಒಪ್ಪಿಗೆ ಇರಲಿಲ್ಲ. ಕೋರ್ಟು ಖರ್ಚು ಪಾರ್ನೆಲ್ ಮೇಲೆ. ಚಿಕ್ಕ ಮಕ್ಕಳು ಕ್ಯಾಪ್ಟನ್ ಸುಪರ್ದಿಗೆ.

ತುಂಗಾತೀರ:
ಆಕೆಯನ್ನು ಬರೀ ಪ್ರೇಯಸಿ ಅಂತ ನೋಡುವವರು ಒಂದು ಮರೆಯುತ್ತಾರೆ. 1882ರಿಂದ ಸುಮಾರು 1886ರವರೆಗೆ ಪ್ರಧಾನಿಗೂ ಐರಿಷ್ ನಾಯಕನಿಗೂ ನಡುವಿನ ಟಪಾಲು ಬಹುಮಟ್ಟಿಗೆ ಆಕೆಯೇ. ಪಾರ್ನೆಲ್ ಪತ್ರ ಬರೆಯುವುದರಲ್ಲಿ ಮಹಾ ಸೋಮಾರಿ, ಗ್ಲ್ಯಾಡ್‌ಸ್ಟನ್‌ಗೆ ಅವನ ಜೊತೆ ನೇರ ಸಂಪರ್ಕ ಕಾಣಿಸಿಕೊಳ್ಳಬಾರದು. ಈಕೆ ಇಬ್ಬರಿಗೂ ಅನುಕೂಲ. 1885ರ ಶರತ್ಕಾಲದಲ್ಲಿ ಐರ್ಲೆಂಡಿಗೆ ಎಂಥ ಶಾಸನಸಭೆ ಬೇಕು ಅನ್ನುವ ಪಾರ್ನೆಲ್‌ನ ಕರಡು ಗ್ಲ್ಯಾಡ್‌ಸ್ಟನ್ ಕೈಸೇರಿದ್ದು ಆಕೆಯ ಮೂಲಕವೇ.

ಪಾರ್ನೆಲ್‌ಗೂ ಸರ್ಕಾರಕ್ಕೂ ಆದ 1882ರ ಕಿಲ್ಮೇನಮ್ ಒಪ್ಪಂದದ ಸುತ್ತಲಿನದು ಇನ್ನೂ ವಿಚಿತ್ರ. ಪಾರ್ನೆಲ್ 1881ರ ಅಕ್ಟೋಬರ್ 13ರಿಂದ ಡಬ್ಲಿನ್ನಿನ ಕಿಲ್ಮೇನಮ್ ಜೈಲಿನಲ್ಲಿದ್ದ. ಫೆಬ್ರುವರಿ 16ಕ್ಕೆ ಕ್ಯಾಥರಿನ್‌ಗೆ ಅವನ ಮಗು ಕ್ಲಾಡ್ ಸೋಫಿ ಹುಟ್ಟಿತು. ಏಪ್ರಿಲ್‌ನಲ್ಲಿ ಬಂಧುವಿನ ಅಂತ್ಯಕ್ರಿಯೆಗಾಗಿ ಪ್ಯಾರಿಸ್‌ಗೆ ಹೋಗಲು ಪೆರೋಲ್ ಸಿಕ್ಕಾಗ ಹೋಗುತ್ತಾ ಬರುತ್ತಾ ಎಲ್ತಮ್‌ಗೆ ಬಂದ. ಮಗು 21ಕ್ಕೆ ತೀರಿಕೊಂಡಿತು. ಅದೇ ದಿನಗಳಲ್ಲಿ ಅದೇ ಮನೆಯಲ್ಲಿ ಸರ್ಕಾರದ ಜೊತೆಗಿನ ಒಪ್ಪಂದದ ಮಾತು, ಮಧ್ಯವರ್ತಿ ಯಾರು? ಕ್ಯಾಪ್ಟನ್ ಓಶೇ. ಮೇ 2ಕ್ಕೆ ಪಾರ್ನೆಲ್ ಬಿಡುಗಡೆ.

ಕ್ಯಾಪ್ಟನ್‌ಗೆ ಗೊತ್ತಿರಲಿಲ್ಲ ಅನ್ನುವವರು 1886ರ ಗಾಲ್ವೇ ಉಪಚುನಾವಣೆಯನ್ನು ವಿವರಿಸಲಿ. ಪಕ್ಷಕ್ಕೆ ನಿಷ್ಠೆಯ ಪ್ರತಿಜ್ಞೆಯನ್ನೇ ಮಾಡದ ಓಶೇಗೆ ಪಾರ್ನೆಲ್ ಟಿಕೆಟ್ ಕೊಟ್ಟ. ಅದೇ ಪಕ್ಷದ ಸಂಸದರಾದ ಬಿಗ್ಗರ್, ಹೀಲಿ ಇಬ್ಬರೂ ಗಾಲ್ವೇಗೇ ಹೋಗಿ ಪ್ರತಿಭಟಿಸಿದರು, ಪಾರ್ನೆಲ್ ಬಂದು ಬಾಯಿ ಮುಚ್ಚಿಸಿದ. ಎದುರಾಳಿಗೆ ಬಿದ್ದದ್ದು 54 ಮತ. ಗೆದ್ದ ಓಶೇ ಅದೇ ವರ್ಷದ ಜೂನ್ 8ರಂದು ಹೋಮ್ ರೂಲ್ ಮಸೂದೆಗೆ ಮತವೇ ಹಾಕಲಿಲ್ಲ! ಮಸೂದೆ 30 ಮತದಿಂದ ಬಿತ್ತು. ಹೀಲಿಯ ಕಹಿ ಅಲ್ಲಿಂದ ಶುರು, 1890ರಲ್ಲಿ ಕಕ್ಕಿದ್ದು ಅದನ್ನೇ.

ಹಳೇಪೇಪರ್:
1886ರಲ್ಲೇ ಮೇ 24ಕ್ಕೆ ಪಾಲ್ ಮಾಲ್ ಗೆಜೆಟ್‌ನಲ್ಲಿ ಸಣ್ಣ ಸುದ್ದಿ ಬಂತು: ಪಾರ್ನೆಲ್‌ನ ಗಾಡಿ ಎಲ್ತಮ್ ಹತ್ತಿರ ತರಕಾರಿ ಗಾಡಿಗೆ ಡಿಕ್ಕಿ ಹೊಡೆದಿದೆ, ಅಧಿವೇಶನದ ಹೊತ್ತಿನಲ್ಲಿ ಆತ ಅಲ್ಲೇ ಇರುತ್ತಾನೆ ಅಂತ. ಲಂಡನ್ನಿನ ಪತ್ರಿಕೆ ಓದುವವರಿಗೆಲ್ಲ ಅಂದೇ ತಿಳಿದಿತ್ತು.

ಕಡತಪ್ರಿಯ:
ಹಾಗಾದರೆ ತೀರ್ಪು ಬಂದ ತಕ್ಷಣ ಪಕ್ಷ ಒಡೆಯಲಿಲ್ಲ ಯಾಕೆ? ಮೂರು ವಾರ ಹಿಡಿಯಿತಲ್ಲ.

ಹಳೇಪೇಪರ್:
ಮೊದಲ ವಾರ ಐರ್ಲೆಂಡ್ ಪಾರ್ನೆಲ್ ಕಡೆಗೇ ಇತ್ತು. ನವೆಂಬರ್ 20ಕ್ಕೆ ಡಬ್ಲಿನ್ನಿನ ಲೀನ್‌ಸ್ಟರ್ ಹಾಲ್ ಸಭೆಯಲ್ಲಿ ಹೀಲಿಯೇ ಬೆಂಬಲಿಸಿ ಮಾತಾಡಿದ. ಒತ್ತಡ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅದೇ ದಿನಗಳಲ್ಲಿ ಶೆಫೀಲ್ಡ್‌ನಲ್ಲಿ ಲಿಬರಲ್ ಕಾರ್ಯಕರ್ತರ ಸಮ್ಮೇಳನ. ಅವರ ಬೆನ್ನೆಲುಬು ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಥರದ ಪಂಥಗಳವರು. ಇಂಥವನ ಜೊತೆ ಮೈತ್ರಿಯಿದ್ದರೆ ಮತ ಕೇಳಲು ಹೋಗುವುದಿಲ್ಲ ಅಂದರು.

ಗ್ಲ್ಯಾಡ್‌ಸ್ಟನ್ 24ರಂದು ತನ್ನ ಲಿಬರಲ್ ಸಹೋದ್ಯೋಗಿ ಮಾರ್ಲಿಗೆ ಪತ್ರ ಬರೆದ: ಪಾರ್ನೆಲ್ ಮುಂದುವರಿದರೆ ತನ್ನ ಸ್ವಂತ ನಾಯಕತ್ವವೇ ಬಹುಪಾಲು ಇಲ್ಲದಂತಾಗುತ್ತದೆ ಅಂತ. ಅದನ್ನು 25ರ ಐರಿಷ್ ಪಕ್ಷದ ಸಭೆಗೆ ಮೊದಲೇ ಪಾರ್ನೆಲ್‌ಗೆ ತೋರಿಸಬೇಕಿತ್ತು, ಮಾರ್ಲಿ ಕೈಗೆ ಆತ ಸಿಗಲಿಲ್ಲ. ಪತ್ರದ ವಿಷಯ ಗೊತ್ತಿಲ್ಲದ ಸಂಸದರು ಪಾರ್ನೆಲ್‌ನನ್ನು ಮತ್ತೆ ನಾಯಕನಾಗಿ ಆರಿಸಿ ಹೊರಬಂದರು, ಅಂದೇ ಪತ್ರ ಪತ್ರಿಕೆಗಳಿಗೆ ಹೋಯಿತು. ಈಗ ಹಿಂದೆ ಸರಿದರೆ ಇಂಗ್ಲಿಷರ ಮಾತಿಗೆ ಬಗ್ಗಿದ ಹಾಗೆ, ಸರಿಯದಿದ್ದರೆ ಹೋಮ್ ರೂಲ್‌ಗೆ ಲಿಬರಲ್ ಬೆಂಬಲ ಇಲ್ಲ.

29ಕ್ಕೆ ಪಾರ್ನೆಲ್ ಐರಿಷ್ ಜನತೆಗೆ ಬಹಿರಂಗ ಪತ್ರ ಬರೆದು ಗ್ಲ್ಯಾಡ್‌ಸ್ಟನ್ ಜೊತೆಗಿನ ಖಾಸಗಿ ಮಾತುಕತೆಯನ್ನೇ ಬಯಲು ಮಾಡಿದ, ಸೇತುವೆ ಸುಟ್ಟುಹೋಯಿತು. ಡಿಸೆಂಬರ್ 1ರಿಂದ 6ರವರೆಗೆ ಸಂಸತ್ತಿನ 15ನೇ ಸಮಿತಿ ಕೊಠಡಿಯಲ್ಲಿ ಜಗಳ. ಕ್ಯಾಥೊಲಿಕ್ ಬಿಷಪ್ಪರು ವಿರುದ್ಧ ಹೇಳಿಕೆ ಕೊಟ್ಟದ್ದು 3ಕ್ಕೆ, ಅಂದರೆ ಗ್ಲ್ಯಾಡ್‌ಸ್ಟನ್ ಆದ ಮೇಲೆ. ಪಕ್ಷದ ಯಜಮಾನ ಯಾರು ಅನ್ನುವ ಮಾತು ಬಂದಾಗ, ‘ಯಜಮಾನಿ ಯಾರು’ ಅಂತ ಹೀಲಿ ಕೂಗಿದ್ದು ಅಲ್ಲೇ. ಕೊನೆಗೆ 45 ಮಂದಿ ಜಸ್ಟಿನ್ ಮೆಕಾರ್ಥಿ ಜೊತೆ ಎದ್ದುಹೋದರು. ಮುಂದೆ ಉತ್ತರ ಕಿಲ್ಕೆನ್ನಿ, ಉತ್ತರ ಸ್ಲೈಗೋ, ಕಾರ್ಲೋ, ಮೂರು ಉಪಚುನಾವಣೆಯಲ್ಲೂ ಪಾರ್ನೆಲ್ ಪಕ್ಷಕ್ಕೆ ಸೋಲು.

ಕೋರ್ಟ್‌ಹಾಲ್:
ಕಾರ್ಲೋ ಸೋಲಿನ ತಾರೀಖು ಗಮನಿಸಿ, 1891ರ ಜುಲೈ. ಡಿಕ್ರಿ ಅಂತಿಮವಾಗಿ, ಜೂನ್ 25ಕ್ಕೆ ಸಸೆಕ್ಸ್‌ನ ಸ್ಟೈನಿಂಗ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಬ್ಬರ ಮದುವೆ ಆಗಿತ್ತು. ಮದುವೆಯಾದರೆ ಜನ ತಣ್ಣಗಾಗುತ್ತಾರೆ ಅನ್ನುವುದು ಇಂಗ್ಲಿಷ್ ಪ್ರಾಟೆಸ್ಟೆಂಟ್ ಲೆಕ್ಕ. ಕ್ಯಾಥೊಲಿಕ್ಕರಿಗೆ ಡೈವೋರ್ಸೇ ಇಲ್ಲ, ಮೊದಲ ಗಂಡ ಬದುಕಿರುವಾಗ ಈ ಮದುವೆ ಪಾಪದ ಮುಂದುವರಿಕೆ. ಅಲ್ಲಿಯವರೆಗೆ ಜೊತೆಗಿದ್ದ ಫ್ರೀಮನ್ಸ್ ಜರ್ನಲ್ ಪತ್ರಿಕೆ ಕೂಡ ಮದುವೆಯ ನಂತರ ಕೈಬಿಟ್ಟಿತು. ಯಾವುದಕ್ಕಾಗಿ ಅಷ್ಟು ಬೆಲೆ ತೆತ್ತರೋ ಅದೇ ಕೊನೆಯ ಪೆಟ್ಟಾಯಿತು. ಅಕ್ಟೋಬರ್ 6ಕ್ಕೆ ಪಾರ್ನೆಲ್ ಹೋವ್‌ನಲ್ಲಿ ತೀರಿಕೊಂಡ, 45 ವರ್ಷ.

ಮಂಡ್ಯ_ಓದುಗ:
ಆಕೆಯೇ ಬರೆದ ನೆನಪುಗಳಿವೆಯಂತೆ, ಅದನ್ನ ನಂಬಬಹುದಾ? ಮತ್ತೆ ಮಕ್ಕಳ ಕಥೆ ಏನಾಯ್ತು?

ಲೆಕ್ಕದಪುಸ್ತಕ:
1914ರಲ್ಲಿ ಎರಡು ಸಂಪುಟ ಬಂತು. ಅದರೊಳಗಿನ ಪಾರ್ನೆಲ್ ಪತ್ರಗಳು ಬಹಳ ಬೆಲೆಯುಳ್ಳವು. ಆಕೆಯ ನಿರೂಪಣೆಯನ್ನು ಜರಡಿ ಹಿಡಿದು ಓದಬೇಕು. ಹಿರಿಮಗ ಜೆರಾರ್ಡ್ ಪೂರ್ತಿ ಅಪ್ಪನ ಪಕ್ಷ, ಪುಸ್ತಕದ ಮೇಲೆ ಅವನ ಕೈ ಇದೆ ಅಂತ ಹಲವು ಇತಿಹಾಸಕಾರರ ಅಭಿಪ್ರಾಯ. ಕ್ಯಾಪ್ಟನ್ ಮೋಸಹೋದವನಂತೆ ಕಾಣುವ ಕಡೆಗಳಲ್ಲಿ ಒಂದು ಕಣ್ಣಿಟ್ಟಿರಿ. ಪತ್ರದಲ್ಲೂ ಎರಡು ಬಗೆ: ಯಾರಾದರೂ ಓದಬಹುದು ಅಂತ ‘ಪ್ರಿಯ ಮಿಸೆಸ್ ಓಶೇ’ ಎಂದು ಶುರುವಾಗುವವು, ಹೆಂಡತಿ ಎಂದೇ ಕರೆದು ಬರೆದವು. ಮೊದಲ ಬಗೆಯದನ್ನು ಹಿಡಿದು ‘ಬರೀ ರಾಜಕೀಯ ಸ್ನೇಹ’ ಅನ್ನುವುದಕ್ಕಾಗುವುದಿಲ್ಲ.

ಕೋರ್ಟ್‌ಹಾಲ್:
ಮಕ್ಕಳ ವಿಷಯ. ಪಾರ್ನೆಲ್‌ನ ಉಳಿದ ಇಬ್ಬರು ಹೆಣ್ಣುಮಕ್ಕಳು ಕ್ಲೇರ್ (1883) ಮತ್ತು ಕೇಟಿ (1884). ಮದುವೆ ಊರ್ಜಿತದಲ್ಲಿದ್ದಾಗ ಹುಟ್ಟಿದ ಮಗು ಗಂಡನದೇ ಅನ್ನುವುದು ಕಾನೂನಿನ ಪೂರ್ವಭಾವನೆ, 2024ರವರೆಗೆ ನಮ್ಮಲ್ಲಿ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 112ನೇ ಕಲಮಿನ ಮೂಲವೂ ಅದೇ. ಹಾಗಾಗಿ ಇಬ್ಬರೂ ಓಶೇ ಹೆಸರಿನಲ್ಲೇ ದಾಖಲು, ಸುಪರ್ದಿ ಆದೇಶವೂ ಕ್ಯಾಪ್ಟನ್‌ಗೆ. ‘ಇವರು ನನ್ನ ಮಕ್ಕಳು’ ಅಂತ ಪಾರ್ನೆಲ್ ಕೋರ್ಟಿನಲ್ಲಿ ಹೇಳಿದ್ದರೆ ಅವರಿಗೆ ಸಿಗುತ್ತಿದ್ದದ್ದು ಅಕ್ರಮ ಸಂತಾನವೆಂಬ ಹಣೆಪಟ್ಟಿ ಮಾತ್ರ. ವಾಸ್ತವದಲ್ಲಿ ಮಕ್ಕಳು ತಾಯಿಯ ಹತ್ತಿರವೇ ಬೆಳೆದರು. ಉಯಿಲಿನ ದಾವೆಯೂ ಕೊನೆಗೆ ಕೋರ್ಟಿನ ಹೊರಗೆ ರಾಜಿಯಾಗಿ ಹಣ ಹಂಚಿಹೋಯಿತು.

ನಮ್ಮಲ್ಲಿ ಕ್ರೈಸ್ತರಿಗೆ ಅನ್ವಯಿಸುವ 1869ರ ಇಂಡಿಯನ್ ಡೈವೋರ್ಸ್ ಆಕ್ಟ್ ಈ ಇಂಗ್ಲಿಷ್ ಕಾಯಿದೆಯ ಅಚ್ಚೇ. ಗಂಡನಿಗೊಂದು ಅಳತೆ ಹೆಂಡತಿಗೊಂದು ಅಳತೆ ಅಲ್ಲಿ ಉಳಿದದ್ದು 2001ರ ತಿದ್ದುಪಡಿಯವರೆಗೆ.

ತುಂಗಾತೀರ:
ಭಾರತದ ನಂಟು ಇನ್ನೆರಡಿದೆ. ಉಯಿಲಿನ ಮೇಲೆ ದಾವೆ ಹೂಡಿದವರಲ್ಲಿ ಒಬ್ಬ ಆಕೆಯ ಅಣ್ಣ ಸರ್ ಎವೆಲಿನ್ ವುಡ್. 1858-59ರ ಮಧ್ಯ ಭಾರತದ ಕಾಳಗಗಳಿಗಾಗಿ ವಿಕ್ಟೋರಿಯಾ ಕ್ರಾಸ್ ಪಡೆದವನು ಅವನೇ. ಇನ್ನು 15ನೇ ಕೊಠಡಿಯ ಒಡಕಿನಲ್ಲಿ ಪಾರ್ನೆಲ್ ವಿರುದ್ಧ ನಿಂತ ಐರಿಷ್ ಸಂಸದ ಆಲ್ಫ್ರೆಡ್ ವೆಬ್, 1894ರಲ್ಲಿ ಮದ್ರಾಸಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ. ಆ ಅಧಿವೇಶನದ ವರದಿ ಓದುವವರು ಅವನ ಹಿನ್ನೆಲೆಯನ್ನು ಈ 1890ರ ಜಗಳದ ಪಕ್ಕ ಇಟ್ಟು ನೋಡಿ.